ಟ್ಯಾಬ್‌ನ ಮುಂದಿನ ಕ್ಯಾಮೆರಾ ಮನೆಯಲ್ಲೇ ಬದಲಿಸಲು ಹೊರಟಿದ್ದೀರಾ? ಮೊದಲು ಇದನ್ನು ಓದಿ

ನನ್ನ ತಂಗಿಗೆ ಕಿವಿ ಕೇಳಿಸುವುದಿಲ್ಲ. ಅವಳು ಮಾತಾಡುವುದು ಸನ್ನೆ ಭಾಷೆಯಲ್ಲಿ. ರಾತ್ರಿ ಊಟ ಆದ ಮೇಲೆ ಗೆಳತಿಯರ ಜೊತೆ ವಿಡಿಯೋ ಕಾಲ್, ನಾಲ್ಕೈದು ಜನ ಒಟ್ಟಿಗೆ. ಅದಕ್ಕೆಂದೇ ಮೂರು ವರ್ಷದ ಹಿಂದೆ ಹತ್ತು ಇಂಚಿನ ಆಂಡ್ರಾಯ್ಡ್ ಟ್ಯಾಬ್ ತಂದಿದ್ದೆವು. ಮೇಜಿನ ಮೇಲೆ ನಿಲ್ಲಿಸಿಟ್ಟರೆ ಅವಳ ಎರಡೂ ಕೈ ಬಿಡುವಾಗಿರುತ್ತವೆ. ಆ ಕಡೆಯವರ ಬೆರಳು, ಮುಖ ಎಲ್ಲಾ ಚೆನ್ನಾಗಿ ಕಾಣುತ್ತವೆ.

ಈ ಟ್ಯಾಬ್‌ನ ಮುಂದಿನ ಕ್ಯಾಮೆರಾ ಕೈಕೊಟ್ಟಿತು. ಮೊದಲು ನೇರಳೆ ಗೆರೆಗಳು ಬಂದವು, ವಾರದೊಳಗೆ ಪೂರ್ತಿ ಕಪ್ಪಾಯಿತು. ಹಿಂದಿನ ಕ್ಯಾಮೆರಾ ಸರಿಯಾಗೇ ಇತ್ತು. ಸರ್ವಿಸ್ ಸೆಂಟರ್‌ನಲ್ಲಿ 3,200 ರೂಪಾಯಿ ಆಗುತ್ತೆ, ಹತ್ತು ದಿನ ಬಿಟ್ಟು ಹೋಗಬೇಕು ಅಂದರು. ಹತ್ತು ದಿನ ಇವಳು ಮಾತಿಲ್ಲದೆ ಇರಬೇಕಲ್ಲ ಅಂತ ನನಗೆ ಸಂಕಟವಾಯಿತು. ಆನ್‌ಲೈನ್‌ನಲ್ಲಿ ನೋಡಿದರೆ ಪಾರ್ಟ್‌ಗೆ 450 ರೂಪಾಯಿ. ಒಂದು ವಿಡಿಯೋದಲ್ಲಿ ಹನ್ನೊಂದು ನಿಮಿಷಕ್ಕೆ ಕೆಲಸ ಮುಗಿದಿತ್ತು. ತರಿಸಿಕೊಂಡು, ಒಂದು ಭಾನುವಾರ ಮಧ್ಯಾಹ್ನ ಬಿಚ್ಚಲು ಕೂತೆ.

ಕ್ಯಾಮೆರಾ ಇರುವುದು ಕಡಲೆಕಾಳಿನಷ್ಟು. ಆದರೆ ಅದರ ಹತ್ತಿರ ಹೋಗಬೇಕೆಂದರೆ ಇಡೀ ಗಾಜು ಎತ್ತಬೇಕು. ನಮ್ಮ ಟ್ಯಾಬ್‌ಗೆ ಹೊರಗೆ ಒಂದು ಸ್ಕ್ರೂ ಕೂಡ ಇಲ್ಲ, ಸುತ್ತಲೂ ಅಂಟು ಹಾಕಿ ಕೂರಿಸಿದ್ದಾರೆ. ಅಂಟು ಬಿಸಿಗೆ ಮೆತ್ತಗಾಗುತ್ತದೆ, ಆಗ ಸಂದಿಯಲ್ಲಿ ತೆಳು ಪ್ಲಾಸ್ಟಿಕ್ ಚೂರು ತೂರಿಸಿ ನಿಧಾನಕ್ಕೆ ಬಿಡಿಸಬೇಕು. ನಾನು ಮನೆಯ ಹೇರ್ ಡ್ರೈಯರ್ ಹಿಡಿದೆ. ಅದರಿಂದ ಒಂದು ಕಡೆ ಬಿಸಿಯಾಗುವಷ್ಟರಲ್ಲಿ ಇನ್ನೊಂದು ಕಡೆ ಆರಿರುತ್ತದೆ. ಮೂರು ಬದಿ ಬಿಡಿಸಿ ನಾಲ್ಕನೆಯದಕ್ಕೆ ಬರುವಾಗ ಮೊದಲನೆಯದು ಮತ್ತೆ ಹಿಡಿದುಕೊಂಡಿತ್ತು. ಹಾಗಂತ ಜಾಸ್ತಿ ಬಿಸಿ ಮಾಡುವಂತೆಯೂ ಇಲ್ಲ, ಕೆಳಗೇ ಬ್ಯಾಟರಿ ಇದೆ. ಲಿಥಿಯಂ ಬ್ಯಾಟರಿಗೆ 60 ಡಿಗ್ರಿ ದಾಟಿದ ಬಿಸಿ ಒಳ್ಳೆಯದಲ್ಲ. ನಾನು ಹಳೇ ಎಟಿಎಂ ಕಾರ್ಡ್ ತೂರಿಸಿ ಸ್ವಲ್ಪ ಒತ್ತಿದೆ. ಟಿಕ್ ಅಂತ ಸದ್ದಾಯಿತು. ಎಡಗಡೆ ಮೂಲೆಯಿಂದ ಕೂದಲೆಳೆಯಂಥ ಬಿರುಕು. ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಈಗ ಮುಖ್ಯವಾದದ್ದು. ಟ್ಯಾಬ್ ಬಿಚ್ಚಿದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ನಮ್ಮದರಲ್ಲಿ ಅದು ಒಂದು ತಗಡಿನ ಮುಚ್ಚಳದ ಕೆಳಗಿತ್ತು. ಅದರ ಸ್ಕ್ರೂಗಳಿಗೆ ನನ್ನ ಸ್ಕ್ರೂಡ್ರೈವರ್ ಹೊಂದಲಿಲ್ಲ. ಹೇಗೂ ಸ್ವಿಚ್ ಆಫ್ ಮಾಡಿದ್ದೇನಲ್ಲ ಅಂದುಕೊಂಡು ಮುಂದೆ ಹೋದೆ. ದಯವಿಟ್ಟು ಹೀಗೆ ಮಾಡಬೇಡಿ. ಸ್ವಿಚ್ ಆಫ್ ಮಾಡಿದರೂ ಬ್ಯಾಟರಿಯ ಕರೆಂಟ್ ಬೋರ್ಡಿನವರೆಗೆ ಬಂದೇ ಇರುತ್ತದೆ. ನಾನು ಕಬ್ಬಿಣದ ಚಿಮಟದಿಂದ ಡಿಸ್‌ಪ್ಲೇ ಕೇಬಲ್ ಎತ್ತಿದೆ. ಕಿಡಿ ಹಾರಲಿಲ್ಲ, ಸದ್ದೂ ಆಗಲಿಲ್ಲ, ಏನೂ ಆಗಿಲ್ಲ ಅಂದುಕೊಂಡೆ.

ಹಳೇ ಕ್ಯಾಮೆರಾ ಬಿಡಿಸಿ ಹೊಸದನ್ನು ಇಟ್ಟರೆ ಅದರ ಕೇಬಲ್ ಪಟ್ಟಿ ಎದುರು ದಿಕ್ಕಿಗೆ ತಿರುಗಿತ್ತು. ಬಂದಿದ್ದು ಸಿಮ್ ಹಾಕುವ ಟ್ಯಾಬ್‌ನದು, ನಮ್ಮದು ಬರೀ ವೈಫೈಯದು. ಎರಡಕ್ಕೂ ಹೆಸರು ಒಂದೇ, ಮಾಡೆಲ್ ನಂಬರ್‌ನಲ್ಲಿ ಒಂದೇ ಅಂಕಿ ಬೇರೆ. ಆ ನಂಬರ್ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಟ್ಯಾಬ್ಲೆಟ್’ ಒಳಗೆ ಇರುತ್ತದೆ. ನಾನು ಹೆಸರು ನೋಡಿ ಆರ್ಡರ್ ಮಾಡಿದ್ದೆ.

ಸರಿ, ಹಳೆಯದನ್ನೇ ವಾಪಸ್ ಹಾಕಿ ಆನ್ ಮಾಡಿದೆ. ಪರದೆ ಕಪ್ಪು. ಚಾರ್ಜರ್ ಚುಚ್ಚಿದರೆ ಟಿಣ್ ಅನ್ನುತ್ತದೆ, ಏನೂ ಕಾಣುವುದಿಲ್ಲ. ತಂಗಿ ತನ್ನ ಫೋನಿನ ಟಾರ್ಚ್ ಹಚ್ಚಿ ಗಾಜಿಗೆ ಓರೆಯಾಗಿ ಹಿಡಿದಳು. ಕತ್ತಲೆಯೊಳಗೆ, ತೀರಾ ಮಸುಕಾಗಿ, ಗಡಿಯಾರದ ಅಂಕಿಗಳು, ಅದರ ಹಿಂದೆ ನಮ್ಮ ಅಮ್ಮನ ಫೋಟೋ. ಟ್ಯಾಬ್ ನಡೆಯುತ್ತಿತ್ತು. ಪರದೆಯ ಹಿಂದಿನ ಬೆಳಕು ಮಾತ್ರ ಸತ್ತಿತ್ತು.

ಮೈಸೂರಿನ ದೇವರಾಜ ಅರಸು ರಸ್ತೆಯ ಹತ್ತಿರ ಒಂದು ಸಣ್ಣ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯವರು ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿ, ಬ್ಯಾಕ್‌ಲೈಟ್ ಲೈನಿನ ಫ್ಯೂಸ್ ಹೋಗಿದೆ ಅಂದರು. ಬ್ಯಾಕ್‌ಲೈಟ್‌ಗೆ ಬೇಕಾದ ಜಾಸ್ತಿ ವೋಲ್ಟೇಜು ಡಿಸ್‌ಪ್ಲೇ ಕೇಬಲ್‌ನ ಕನೆಕ್ಟರ್‌ನಲ್ಲೇ ಹೋಗುತ್ತದೆ. ಬ್ಯಾಟರಿ ಕಳಚದೆ ಅಲ್ಲಿ ಕೇಬಲ್ ಎಳೆದರೆ, ಚಿಮಟದ ತುದಿ ತಾಗಿದರೆ, ಸಾಸಿವೆಗಿಂತ ಚಿಕ್ಕದಾದ ಆ ಫ್ಯೂಸ್ ಹೋಗಲು ಕ್ಷಣ ಸಾಕು.

ಆಮೇಲೆ ಅವರು ನನ್ನನ್ನು ಹತ್ತಿರ ಕರೆದು ಬ್ಯಾಟರಿ ತೋರಿಸಿದರು. ಕಪ್ಪು ಹೊದಿಕೆಯ ಮೇಲೆ ಉಗುರುದ್ದ ಒಂದು ತಗ್ಗು. ಕಾರ್ಡ್ ಜಾಸ್ತಿ ಒಳಗೆ ಹೋಗಿ ಒತ್ತಿದ ಗುರುತು ಅದು. ‘ಸರ್, ಇದು ತೂತಾಗಿದ್ದರೆ ಕೈಯಲ್ಲೇ ಹೊತ್ತಿಕೊಳ್ಳುತ್ತಿತ್ತು’ ಅಂದರು. ಟ್ಯಾಬ್‌ನ ಬ್ಯಾಟರಿಗೆ ಗಟ್ಟಿ ಕವಚ ಇರುವುದಿಲ್ಲ, ತೆಳು ಹಾಳೆಯ ಚೀಲ ಅಷ್ಟೇ. ಅವತ್ತು ತಂಗಿ ನನ್ನ ಪಕ್ಕದಲ್ಲೇ ಬಗ್ಗಿ ನೋಡುತ್ತಾ ಕೂತಿದ್ದಳು. ಅದನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಫ್ಯೂಸ್‌ಗೆ ಮತ್ತು ಸರಿಯಾದ ಕ್ಯಾಮೆರಾಗೆ ಸೇರಿ 3,500 ಆಯಿತು. ದಂಡವಾದ 450 ಬೇರೆ. ಹತ್ತು ದಿನ ತಪ್ಪಿಸಲು ಹೋಗಿ ಹತ್ತೊಂಬತ್ತು ದಿನ ಹೋಯಿತು. ಅಷ್ಟೂ ದಿನ ಅವಳು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಮಾತಾಡಿದಳು. ಆ ಚಿಕ್ಕ ಪರದೆಯಲ್ಲಿ ಐದು ಜನರ ಕೈ ಸರಿಯಾಗಿ ಕಾಣುವುದಿಲ್ಲ. ಫೋನ್ ಜಾರಿದಾಗಲೆಲ್ಲ ಮಾತು ಅರ್ಧಕ್ಕೇ ಬಿಟ್ಟು ಹಿಡಿಯಬೇಕಿತ್ತು. ನಮಗೆ ಮಾತಿನ ಮಧ್ಯೆ ಯಾರೋ ಬಾಯಿ ಮುಚ್ಚಿದ ಹಾಗೆ, ಅಲ್ವಾ?

ಕ್ಯಾಮೆರಾ ಕಪ್ಪಾದ ತಕ್ಷಣ ಬಿಚ್ಚುವ ಯೋಚನೆ ಬೇಡ. ಎರಡೂ ಕ್ಯಾಮೆರಾ ಕಪ್ಪಾಗಿದ್ದರೆ, ಮೇಲಿಂದ ಎಳೆಯುವ ಪಟ್ಟಿಯಲ್ಲಿ ಕ್ಯಾಮೆರಾ ಬಟನ್ ಆಫ್ ಆಗಿದೆಯಾ ನೋಡಿ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈ ಬಟನ್ ಇದೆ. ಅದನ್ನು ಗೊತ್ತಿಲ್ಲದೆ ಒತ್ತಿಕೊಂಡು ಅಂಗಡಿಗೆ ಬರುವವರೂ ಇದ್ದಾರಂತೆ. ಬೇರೆ ಆ್ಯಪ್‌ನಲ್ಲಿ ತೆರೆದು ನೋಡಿ, ಸೇಫ್ ಮೋಡ್‌ನಲ್ಲಿ (ನಾವು ಹಾಕಿಕೊಂಡ ಆ್ಯಪ್‌ಗಳಿಲ್ಲದೆ ಟ್ಯಾಬ್ ನಡೆಯುವ ಸ್ಥಿತಿ) ನೋಡಿ. ಚಿತ್ರ ಬರೀ ಮಸುಕಾಗಿದ್ದರೆ ಸ್ಕ್ರೀನ್ ಗಾರ್ಡ್ ತೆಗೆದು ಗಾಜು ಒರೆಸಿ ನೋಡಿ. ಗಾಜು ತಾನಾಗೇ ಸ್ವಲ್ಪ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಅದನ್ನು ಒತ್ತಿ ಕೂರಿಸಬೇಡಿ, ಚಾರ್ಜ್‌ಗೂ ಹಾಕಬೇಡಿ, ನೇರ ರಿಪೇರಿಯವರ ಹತ್ತಿರ ಒಯ್ಯಿರಿ.

ನಮ್ಮ ಟ್ಯಾಬ್ ಈಗ ನಡೆಯುತ್ತಿದೆ. ಮೂಲೆಯ ಬಿರುಕು ಹಾಗೇ ಇದೆ, ಬೆರಳಿಗೆ ತಾಗದಿರಲಿ ಅಂತ ಟೇಪ್ ಅಂಟಿಸಿದ್ದೇವೆ. ಗಾಜು ಬದಲಿಸಬೇಕೆಂದರೆ ಮತ್ತೆ ಕೆಲವು ದಿನ ಅಂಗಡಿಯಲ್ಲಿ ಬಿಡಬೇಕು. ಕೊಡಲಾ ಅಂತ ಕೇಳಿದೆ. ತಂಗಿ ಟ್ಯಾಬನ್ನು ತನ್ನ ಕಡೆ ಎಳೆದುಕೊಂಡು, ಬೇಡ ಅಂತ ಕೈ ಆಡಿಸಿದಳು.