ವೈಡ್‌ಬ್ಯಾಂಡ್ ಅಂತ ನ್ಯಾರೋಬ್ಯಾಂಡ್ ಗೇಜ್ ಮಾರುತ್ತಿದ್ದಾರೆ, ದುಡ್ಡು ಕೊಡುವ ಮುಂಚೆ ಕನೆಕ್ಟರ್ ನೋಡಿ

ಇಂಜಿನ್ ಟ್ಯೂನಿಂಗ್‌ಗೆ ಏರ್-ಫ್ಯೂಯಲ್ ಗೇಜ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಮೀಟರ್) ತಗೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ನಾನು ಕೊಂಡ ಗೇಜ್‌ನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ವೈಡ್‌ಬ್ಯಾಂಡ್ ಅಂತ ಇತ್ತು, ಅಂದರೆ ಅನುಪಾತ ಎಷ್ಟಿದೆ ಅಂತ ನಿಜವಾಗಿ ಅಳೆಯುವಂಥದ್ದು. ಮಾರುವವರು ಹಾಕಿದ್ದ ವಿವರದಲ್ಲಿ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಅಂತ ಇತ್ತು. ಎಕ್ಸಾಸ್ಟ್‌ನಲ್ಲಿ ಕೂತು ಆಕ್ಸಿಜನ್ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಅದು. ಒಳಗೆ ಬಂದದ್ದು ನಾಲ್ಕು ವೈರಿನ ಮಾಮೂಲಿ ನ್ಯಾರೋಬ್ಯಾಂಡ್ ಸೆನ್ಸರ್. ಇನ್ನೊಂದು ಸಲ ಹೇಳುತ್ತೇನೆ, ನಾಲ್ಕು ವೈರ್. ನಿಜವಾದ 4.9 ಆಗಿದ್ದರೆ ಸೆನ್ಸರ್‌ನಿಂದ ಐದು ವೈರ್ ಬರಬೇಕು, ಕನೆಕ್ಟರ್‌ನಲ್ಲಿ ಆರು ಪಿನ್ ಇರಬೇಕು. ಕನೆಕ್ಟರ್ ಒಳಗೇ ಒಂದು ಪುಟ್ಟ ರೆಸಿಸ್ಟರ್ ಕೂತಿರುತ್ತದೆ, ಆ ಹೆಚ್ಚಿನ ಪಿನ್ ಅದರದ್ದು.

ಗೊತ್ತಿರುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 1 ಪಾಲಿಗೆ 14.7 ಪಾಲು ಗಾಳಿ ಬೇಕು. ಅದೇ ಲ್ಯಾಂಬ್ಡಾ 1. ನ್ಯಾರೋಬ್ಯಾಂಡ್‌ಗೆ ಗೊತ್ತಾಗುವುದು ಆ ಗೆರೆಯ ಆಚೆಗಿದ್ದೀವೋ ಈಚೆಗಿದ್ದೀವೋ ಅನ್ನುವುದಷ್ಟೇ. ರಿಚ್ (ಪೆಟ್ರೋಲ್ ಜಾಸ್ತಿ) ಆದರೆ 0.8, 0.9 ವೋಲ್ಟ್. ಲೀನ್ (ಗಾಳಿ ಜಾಸ್ತಿ) ಆದರೆ 0.1, 0.2 ವೋಲ್ಟ್. ಎಷ್ಟು ರಿಚ್ ಅಂತ ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ. ಮಾಮೂಲಿ ಓಡಾಟಕ್ಕೆ ಕಂಪನಿ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಅಷ್ಟು ಸಾಕಾಗುತ್ತದೆ. ಬೂಸ್ಟ್‌ನಲ್ಲಿ, ಅಂದರೆ ಟರ್ಬೊ ಇಂಜಿನ್‌ಗೆ ಗಾಳಿ ಒತ್ತಿ ತುಂಬುವಾಗ, 11.5 ಇದೆಯೋ 13.5 ಇದೆಯೋ ನೋಡಬೇಕಾದವರಿಗೆ ಅದು ಏನೇನೂ ಸಾಲದು. ವೈಡ್‌ಬ್ಯಾಂಡ್‌ನಲ್ಲಿ ಪಂಪ್ ಸೆಲ್ ಅಂತ ಇನ್ನೊಂದು ಭಾಗ ಇದೆ. ಕಂಟ್ರೋಲರ್ ಅದಕ್ಕೆ ಕರೆಂಟ್ ಕೊಟ್ಟು ಸೆನ್ಸರ್ ಒಳಗಿನ ಆಕ್ಸಿಜನ್ ಅನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಅದಕ್ಕೆ ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರಿಂದ ಸರಿಯಾದ ನಂಬರ್ ಸಿಗುತ್ತದೆ. ನಾವು ದುಡ್ಡು ಕೊಡುವುದೇ ಇದಕ್ಕೆ, ಅಲ್ವಾ?

ಫಿಟ್ಟಿಂಗ್‌ನಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ಟರ್ಬೊ ದಾಟಿ ಬರುವ ಎಕ್ಸಾಸ್ಟ್ ಕೊಳವೆಗೆ (ಡೌನ್‌ಪೈಪ್) ಸೆನ್ಸರ್ ಕೂರಿಸುವ ಬಂಗ್ ವೆಲ್ಡ್ ಮಾಡಿಸಿದೆ. ನೀರು ಸೆನ್ಸರ್ ಒಳಗೆ ನಿಲ್ಲಬಾರದು ಅಂತ ಅಡ್ಡಕ್ಕೆ ಇಡದೆ, ತುದಿ ಕೆಳಗೆ ಬರುವ ಹಾಗೆ ಓರೆಯಾಗಿ ಕೂರಿಸಿದೆ. ಗ್ರೌಂಡ್ ಸರಿಯಾಗಿ ಕೊಟ್ಟೆ. ಗೇಜ್ ಹೊತ್ತಿಕೊಂಡಿತು. ಚೆಂದದ ಅಂಕಿ, ಸುತ್ತ ಬಣ್ಣ ಬಣ್ಣದ ಎಲ್‌ಇಡಿ. ಐಡ್ಲಿಂಗ್‌ನಲ್ಲಿ ಮಾತ್ರ ಅಂಕಿ ನಿಲ್ಲುತ್ತಲೇ ಇರಲಿಲ್ಲ. 12, 17, 13, 18 ಅಂತ ಕುಣಿಯುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೆ. ಮಾರಿದವರಿಗೆ ವಿಡಿಯೋ ಕಳಿಸಿದೆ. ಉತ್ತರ ಬಂತು:

"ಸರ್, ನಮ್ಮ ಗೇಜ್ ರೆಸ್ಪಾನ್ಸ್ ತುಂಬಾ ಫಾಸ್ಟ್. ಬೇರೆಯವರ ಗೇಜ್ ಸ್ಲೋ, ಅದಕ್ಕೇ ಅದರಲ್ಲಿ ಇದೆಲ್ಲ ಕಾಣಲ್ಲ."

ಧೈರ್ಯ ನೋಡಿ. ಮೋಸವನ್ನೇ ಹೆಚ್ಚುಗಾರಿಕೆ ಅಂತ ಹೇಳಿದರು!

ಬೂಸ್ಟ್‌ಗೆ ಬಂದ ಮೇಲೆ ಅಂಕಿ ಬಂಡೆಯಂತೆ ನಿಲ್ಲುತ್ತಿತ್ತು. 11.7. ಎಷ್ಟು ತುಳಿದರೂ 11.7, ಹೆಚ್ಚೆಂದರೆ 11.8. ಟರ್ಬೊ ಗಾಡಿಗೆ ಫುಲ್ ಥ್ರಾಟಲ್‌ನಲ್ಲಿ ಎಲ್ಲರೂ ಬಯಸುವ ಅಂಕಿ ಅದೇ. ಯಾರಿಗೆ ತಾನೇ ಅನುಮಾನ ಬರುತ್ತದೆ? ಹೌದಪ್ಪನ ಚಾವಡಿಯಲ್ಲಿ ಹೌದಪ್ಪ ಅನ್ನುವ ಹಾಗೆ, ನಾನು ಏನು ನೋಡಬೇಕು ಅಂದುಕೊಂಡಿದ್ದೆನೋ ಅದನ್ನೇ ಆ ಗೇಜ್ ತೋರಿಸುತ್ತಿತ್ತು. ಏನೂ ತೋರಿಸದೆ ಸತ್ತು ಬಿದ್ದಿದ್ದರೂ ಇದಕ್ಕಿಂತ ವಾಸಿ.

ಇನ್ನು ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ದಿನದ ಕಥೆ. ಬರೆಯೋಕೆ ಈಗಲೂ ನಾಚಿಕೆ. ಸುತ್ತ ನಾಲ್ಕು ಜನ ನಿಂತಿದ್ದರು. ಟ್ಯೂನರ್ ತಮ್ಮದೇ ವೈಡ್‌ಬ್ಯಾಂಡ್ ಹಾಕಿಕೊಂಡಿದ್ದರು. ಗಾಡಿ ಬೂಸ್ಟ್‌ಗೆ ಏರಿತು, ಅರ್ಧಕ್ಕೇ ಕಾಲು ತೆಗೆದುಬಿಟ್ಟರು.

"ನಿಮ್ಮ ಗೇಜ್ ಎಷ್ಟು ತೋರಿಸ್ತು?"

"11.7," ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ.

ಅವರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. 13.6. ಬೂಸ್ಟ್‌ನಲ್ಲಿ ಇಷ್ಟು ಲೀನ್! ನಾಕ್ (ಸಿಲಿಂಡರ್ ಒಳಗೆ ಮಿಶ್ರಣ ತಾನಾಗೇ ಸಿಡಿಯುವುದು) ಆಗುತ್ತಿರುವುದು ಅವರಿಗೆ ಹೆಡ್‌ಫೋನ್‌ನಲ್ಲಿ ಕೇಳಿಸಿತ್ತು. ಮ್ಯಾಪ್‌ನಲ್ಲಿ (ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವ ಇಸಿಯು ಪಟ್ಟಿ) ಪೆಟ್ರೋಲ್ ಜಾಸ್ತಿ ಮಾಡಿ, ಬೂಸ್ಟ್ ಇಳಿಸಿ ಮತ್ತೆ ಓಡಿಸಿದರು. ಅವರದ್ದು 12.4, ನನ್ನದು 11.7. ಇನ್ನಷ್ಟು ಜಾಸ್ತಿ ಮಾಡಿದರು. ಅವರದ್ದು 11.6, ನನ್ನದು 11.7. ಆಗ ಅವರು ಅಂದ ಮಾತು: "ನೋಡಿ, ನಿಮ್ಮ ಗೇಜ್ ಈಗ ಸರಿಯಾಯ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡೋದು. ನನ್ನ ಲಾಗ್ ಫೈಲ್ ತೆಗೆದು ನೋಡಿದರೆ ಅದರಲ್ಲೂ ಉದ್ದಕ್ಕೂ ಅದೇ 11.7ರ ಗೆರೆ. ಅಷ್ಟು ಕಾಲ ಆ ಗೆರೆ ನೋಡಿ ನೋಡಿ ಮ್ಯಾಪ್ ತಿದ್ದಿದ್ದೆಲ್ಲ ನೀರಲ್ಲಿ ಹೋಮ.

ಮನೆಗೆ ಬಂದು ಸೆನ್ಸರ್ ಸಿಗ್ನಲ್ ವೈರ್‌ಗೆ ಮಲ್ಟಿಮೀಟರ್ ಹಿಡಿದೆ. ಥ್ರಾಟಲ್ ಕೊಟ್ಟು ರಿಚ್ ಮಾಡಿದಾಗ ಮೀಟರ್‌ನಲ್ಲಿ 0.83 ವೋಲ್ಟ್. ಗೇಜ್‌ನಲ್ಲಿ 11.7. ಥ್ರಾಟಲ್ ಬಿಟ್ಟಾಗ ಮೀಟರ್‌ನಲ್ಲಿ 0.20. ಗೇಜ್‌ನಲ್ಲಿ 18.0. ಲೆಕ್ಕ ಹೊಳೆಯಿತಾ? 0 ವೋಲ್ಟ್‌ಗೆ 20, 1 ವೋಲ್ಟ್‌ಗೆ 10 ಅಂತ ಒಂದು ನೇರ ಗೆರೆ ಎಳೆದುಬಿಟ್ಟಿದ್ದಾರೆ, ಅಷ್ಟೇ. ಅಳತೆಯೂ ಇಲ್ಲ ಮಣ್ಣೂ ಇಲ್ಲ. ಅದೊಂದು ವೋಲ್ಟ್‌ಮೀಟರ್, ಮೇಲೆ ಏರ್-ಫ್ಯೂಯಲ್ ಅಂತ ಸ್ಟಿಕರ್. ಮಿಶ್ರಣ 13.6 ಇದ್ದರೂ 11.6 ಇದ್ದರೂ ನ್ಯಾರೋಬ್ಯಾಂಡ್ ವೋಲ್ಟೇಜ್ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಅದಕ್ಕೇ ಆ ಬಂಡೆಯಂಥ 11.7. ಮೀಟರ್ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಮೈ ಉರಿದು ಹೋಯಿತು.

ಆಮೇಲೆ ಶುರುವಾಯಿತು ಮೆಸೇಜ್ ಯುದ್ಧ. ಅವರ ಉತ್ತರಗಳನ್ನು ಓದಿ, ನಿಮಗೂ ಇವೇ ಬರುತ್ತವೆ.

ಮೊದಲು, "ಸರ್, ನಿಮ್ಮ ಎಕ್ಸಾಸ್ಟ್‌ನಲ್ಲಿ ಲೀಕ್ ಇದೆ." ಅಲ್ಲ ಸ್ವಾಮಿ, ಸೆನ್ಸರ್‌ಗಿಂತ ಮುಂಚೆ ಲೀಕ್ ಇದ್ದರೆ ಹೊರಗಿನ ಗಾಳಿ ಸೇರಿ ಗೇಜ್ ಲೀನ್ ತೋರಿಸುತ್ತದೆ. ನಿಮ್ಮದು ಇದ್ದದ್ದಕ್ಕಿಂತ ರಿಚ್ ತೋರಿಸುತ್ತಿದೆ. ಉಲ್ಟಾ! ಇದಕ್ಕೆ ಉತ್ತರ ಇಲ್ಲ.

ಆಮೇಲೆ, "ಸೆನ್ಸರ್ ಬಿಚ್ಚಿ ಹೊರಗಿನ ಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡಿ ಸರ್." ಹೇಗೆ ಮಾಡಲಿ? ಗೇಜ್‌ನಲ್ಲಿ ಬಟನ್ನೇ ಇಲ್ಲ. ಮ್ಯಾನುಯಲ್‌ನಲ್ಲಿ ಅದರ ಒಂದು ಸಾಲೂ ಇಲ್ಲ. ಹಾಗಂತ ಕೇಳಿದರೆ, "ಹೌದು ಸರ್, ಇದಕ್ಕೆ ಕ್ಯಾಲಿಬ್ರೇಶನ್ ಬೇಕಾಗಲ್ಲ." ಎರಡು ಮೆಸೇಜ್ ಮೇಲೆ ನೀವೇ ಹೇಳಿದ್ದಲ್ವಾ!

ನಾಲ್ಕು ವೈರ್ ವಿಷಯ ಎತ್ತಿದಾಗ ಬಂದದ್ದು ಅರ್ಧ ಸತ್ಯ. "ಕೆಲವು ಕಾರುಗಳಲ್ಲಿ ನಾಲ್ಕು ವೈರಿನ ವೈಡ್‌ಬ್ಯಾಂಡ್ ಬರುತ್ತೆ ಸರ್, ಗೂಗಲ್ ಮಾಡಿ." ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಅವೂ ಕರೆಂಟ್ ಲೆಕ್ಕದಲ್ಲೇ ಕೆಲಸ ಮಾಡುವ ಸೆನ್ಸರ್‌ಗಳು, ಓದೋಕೆ ಅವಕ್ಕೆ ಬೇರೆ ಸರ್ಕ್ಯೂಟ್ ಬೇಕು. ಸುಮ್ನೆ 0.1ರಿಂದ 0.9 ವೋಲ್ಟ್ ಕೊಡುತ್ತಾ ಕೂರುವುದು ನ್ಯಾರೋಬ್ಯಾಂಡ್ ಮಾತ್ರ. ಮೇಲಾಗಿ ನೀವು ಬರೆದದ್ದು 4.9 ಅಂತ. ಅದನ್ನೇ ತೋರಿಸಿ ಅಂದೆ. "ಅದು 4.9 ಕಂಪ್ಯಾಟಿಬಲ್ ಅಂತ ಅರ್ಥ ಸರ್." ಕೊನೆಗೆ ಇನ್ನೂ ಮುಂದೆ ಹೋದರು. "ಡಿಸ್ಪ್ಲೇ 10ರಿಂದ 20ರವರೆಗೆ ತೋರಿಸುತ್ತಲ್ವಾ ಸರ್, ಅದೇ ವೈಡ್‌ಬ್ಯಾಂಡ್." ಇದನ್ನು ಓದಿದಾಗ ಫೋನ್ ಗೋಡೆಗೆ ಎಸೆಯಬೇಕು ಅನ್ನಿಸಿತು.

ವಾಪಸ್ ತಗೊಳ್ಳಿ ಅಂದರೆ, ಸೆನ್ಸರ್ ಎಕ್ಸಾಸ್ಟ್‌ಗೆ ಹಾಕಿದ್ದೀರಿ, ಬಳಸಿದ ಮಾಲು, ಆಗಲ್ಲ. ಹಾಕದೆ ಪರೀಕ್ಷೆ ಮಾಡೋದು ಹೇಗೆ ಅಂತ ಕೇಳಿದೆ. "ಎಲ್ಲಾ ಕಸ್ಟಮರ್ಸ್ ಹ್ಯಾಪಿ ಸರ್, ನೀವೊಬ್ಬರೇ ಕಂಪ್ಲೇಂಟ್." ಆಮೇಲೆ ಬ್ಲಾಕ್.

ಹ್ಯಾಪಿ ಇರುತ್ತಾರೆ, ಯಾಕೆ ಇರಲ್ಲ? ಗೇಜ್ 11.7 ತೋರಿಸುತ್ತಾ ಇದ್ದರೆ ಇಂಜಿನ್ ಬಿಚ್ಚುವವರೆಗೂ ಎಲ್ಲರೂ ಹ್ಯಾಪಿ. ನಾನು ಬಿಚ್ಚಬೇಕಾಯಿತು. ಸ್ಪಾರ್ಕ್ ಪ್ಲಗ್ ತೆಗೆದು ಬೆಳಕಿಗೆ ಹಿಡಿದರೆ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಹೊಳೆಯುವ ಚುಕ್ಕೆ. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಅದು ಕರಗಿ ಹಾರಿ ಅಂಟಿದ ಪಿಸ್ಟನ್‌ನ ಅಲ್ಯೂಮಿನಿಯಂ. ಹೆಡ್ ತೆಗೆದು ಪಿಸ್ಟನ್ ಹೊರಗೆ ಎಳೆದರೆ ಎರಡು ರಿಂಗ್‌ಗಳ ನಡುವಿನ ಅಂಚು ಸೀಳಿತ್ತು. ಲೀನ್ ಆಗಿ, ಬೂಸ್ಟ್‌ನಲ್ಲಿ ನಾಕ್ ಆದರೆ ಮೊದಲು ಹೋಗುವ ಜಾಗಗಳಲ್ಲಿ ಅದೂ ಒಂದು. ಗೇಜ್ ಕೊಂಡದ್ದೇ ಇದು ಆಗಬಾರದು ಅಂತ!

ಈಗ ನಾನು ಹೇಳುವುದು ಇಷ್ಟೇ. ಕನೆಕ್ಟರ್ ಕಡೆಯ ಫೋಟೋ ಕೇಳಿ, ಪಿನ್ ಎಣಿಸಿ. ಗೇಜ್ ಲ್ಯಾಂಬ್ಡಾ ತೋರಿಸುತ್ತದಾ ಕೇಳಿ, ಎಥೆನಾಲ್ ಬೆರೆತ ಪೆಟ್ರೋಲ್‌ಗೆ 14.7ರ ಲೆಕ್ಕ ಬದಲಾಗುತ್ತದೆ, ಲ್ಯಾಂಬ್ಡಾ 1 ಮಾತ್ರ 1 ಆಗಿಯೇ ಇರುತ್ತದೆ. ಹಾಕಿದ ಮೇಲೆ ಮೊದಲ ಕೆಲಸ, ಐಡ್ಲಿಂಗ್‌ನಲ್ಲಿ ಮಿಶ್ರಣ ರಿಚ್ ಮಾಡಿ, ಆಮೇಲೆ ಇನ್ನೂ ಸ್ವಲ್ಪ ರಿಚ್ ಮಾಡಿ. ಅಂಕಿ 13, 12.5, 12 ಅಂತ ಹೆಜ್ಜೆ ಹೆಜ್ಜೆಯಾಗಿ ಇಳಿಯಬೇಕು. ಒಂದೇ ಏಟಿಗೆ ಬಿದ್ದು ಅಲ್ಲೇ ನಿಂತರೆ ಬಿಚ್ಚಿ ಪಕ್ಕಕ್ಕಿಡಿ, ಆ ಗೇಜ್ ನಂಬಿ ಬೂಸ್ಟ್ ಕೊಡಬೇಡಿ. ಮತ್ತೆ ನಿಜವಾದ ವೈಡ್‌ಬ್ಯಾಂಡ್ ಸಿಕ್ಕವರು, ಕಂಟ್ರೋಲರ್‌ಗೆ ಕರೆಂಟ್ ಕೊಡದೆ ಸೆನ್ಸರ್ ಎಕ್ಸಾಸ್ಟ್‌ನಲ್ಲಿ ಬಿಟ್ಟು ಗಾಡಿ ಓಡಿಸಬೇಡಿ. ಹೀಟರ್ ಆಫ್ ಇದ್ದರೆ ಮಸಿ ಕೂತು ಸೆನ್ಸರ್ ಹಾಳಾಗುತ್ತದೆ. ಆಗ ಒಳ್ಳೆಯದಕ್ಕೆ ಕೊಟ್ಟ ದುಡ್ಡೂ ಹೋಯಿತು.

ಇನ್ನೊಂದು ಅಕೌಂಟ್‌ನಿಂದ ನೋಡಿದೆ, ಅವರು ಅದೇ ಗೇಜ್ ಇನ್ನೂ ಮಾರುತ್ತಿದ್ದಾರೆ. ವಿವರದಲ್ಲಿ 4.9 ಹಾಗೇ ಇದೆ. ಫೋಟೋ ಮಾತ್ರ ಬದಲಾಗಿದೆ, ಸೆನ್ಸರ್‌ನ ವೈರ್ ಅರ್ಧಕ್ಕೇ ಕತ್ತರಿಸಿ, ಕನೆಕ್ಟರ್ ಕಾಣದ ಹಾಗೆ ಹಾಕಿದ್ದಾರೆ. ಅಂಥ ಫೋಟೋ ಕಂಡರೆ ಬೆಲೆ ಕೇಳೋಕೂ ಹೋಗಬೇಡಿ.