ಕರಾವಳಿಯ ಮಳೆಗಾಲದಲ್ಲಿ ಕ್ಯಾಮೆರಾ ಡ್ರೈ ಕ್ಯಾಬಿನೆಟ್: ಹಲವು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಕಡೆ ಕ್ಯಾಮೆರಾ ಇಟ್ಟುಕೊಂಡವರು ಎರಡನೇ ಲೆನ್ಸ್‌ಗೂ ಮೊದಲು ಡ್ರೈ ಕ್ಯಾಬಿನೆಟ್‌ಗೆ ದುಡ್ಡು ತೆಗೆದಿಡಬೇಕು. ಒಳಗಿನ ತೇವವನ್ನು ಕರೆಂಟಿನಿಂದ ಹೊರಹಾಕಿ ಕ್ಯಾಮೆರಾ, ಲೆನ್ಸ್‌ಗಳನ್ನು ಒಣಗಿದ ಗಾಳಿಯಲ್ಲಿ ಇಡುವ ಬಿಗಿ ಬಾಗಿಲಿನ ಪೆಟ್ಟಿಗೆ ಇದು. ಮಳೆಗಾಲದ ನಾಲ್ಕು ತಿಂಗಳು ಇಲ್ಲಿನ ಗಾಳಿಯಲ್ಲಿ ತೇವಾಂಶ ಬಹುತೇಕ ದಿನ ಶೇ. 85ರ ಆಸುಪಾಸಿನಲ್ಲೇ ಇರುತ್ತದೆ. ಲೆನ್ಸ್ ಒಳಗೆ ಬೂಷ್ಟು ಬೆಳೆಯಲು ಶೇ. 60–70 ಸಾಕು. ಒಮ್ಮೆ ಬೆಳೆದು ಗಾಜಿನ ಲೇಪವನ್ನು ತಿಂದರೆ, ಲೆನ್ಸ್ ಬಿಚ್ಚಿ ಒರೆಸಿದರೂ ಕಲೆ ಹೋಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು 50 ಲೀಟರಿನ, ಜಿಯೋಲೈಟ್ ಹರಳಿನಿಂದ ತೇವ ಹೀರುವ ಕ್ಯಾಬಿನೆಟ್ ಬಗ್ಗೆ. ಕೊಳ್ಳುವಾಗ ಕಂಪನಿಗಿಂತ ಮೊದಲು ಒಳಗಿನ ಯಂತ್ರ ಯಾವ ಬಗೆಯದು ಎಂದು ಕೇಳಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವವು ಹೆಚ್ಚಾಗಿ ಪೆಲ್ಟಿಯರ್ ಬಗೆಯವು. ಅವುಗಳಲ್ಲಿ ಒಂದು ಪುಟ್ಟ ಫಲಕ ತಣ್ಣಗಾಗಿ, ಅದರ ಮೇಲೆ ತೇವ ನೀರಾಗಿ ಕೂತು, ಬತ್ತಿಯ ಮೂಲಕ ಹಿಂಬದಿಗೆ ಹೋಗಿ ಆರುತ್ತದೆ. ಕರೆಂಟ್ ಹೋದರೆ ಫಲಕದ ಮೇಲಿನ ನೀರು ಮತ್ತೆ ಒಳಗೇ ಆವಿಯಾಗುತ್ತದೆ. ಗಾಳಿಮಳೆಗೆ ಮರ ಬಿದ್ದು ಇಡೀ ರಾತ್ರಿ ಕರೆಂಟ್ ಇಲ್ಲದ ನಮ್ಮ ಕಡೆ ಇದು ಸಣ್ಣ ಕೊರತೆಯಲ್ಲ. ಶಿರಸಿಯ ತಂಪಿನಲ್ಲಿ ಇನ್ನೊಂದು ತೊಡಕು ಇದೆ. ಕೋಣೆ 22 ಡಿಗ್ರಿ ಇದ್ದಾಗ ತೇವಾಂಶವನ್ನು ಶೇ. 45ಕ್ಕೆ ಇಳಿಸಬೇಕೆಂದರೆ ಆ ಫಲಕ 10 ಡಿಗ್ರಿಗೂ ಕೆಳಗೆ ಇಳಿಯಬೇಕು. ಸಣ್ಣ ಯಂತ್ರ ಅಲ್ಲಿ ಏದುಸಿರು ಬಿಡುತ್ತದೆ.

ಜಿಯೋಲೈಟ್ ಬಗೆಯಲ್ಲಿ ಹರಳು ಕೆಲವು ಗಂಟೆ ತೇವ ಹೀರುತ್ತದೆ. ಆಮೇಲೆ ಯಂತ್ರದ ಪುಟ್ಟ ಒಳಬಾಗಿಲು ಮುಚ್ಚಿ ಹೊರಬಾಗಿಲು ತೆರೆದುಕೊಳ್ಳುತ್ತದೆ, ಹೀಟರ್ ಹರಳನ್ನು ಕಾಯಿಸಿ ತೇವವನ್ನು ಹೊರಗೆ ಅಟ್ಟುತ್ತದೆ. ಕರೆಂಟ್ ಹೋದರೂ ಹರಳು ತುಂಬುವವರೆಗೆ ಹೀರುತ್ತಲೇ ಇರುತ್ತದೆ. ಕ್ಯಾಬಿನೆಟ್ಟಿನ ಬಾಗಿಲು ತೆರೆಯದಿದ್ದರೆ ಒಂದು ರಾತ್ರಿ ದಾಟುವುದು ಕಷ್ಟವಲ್ಲ. ಬಿಲ್ಲಿನ ಚಿಂತೆಯೂ ಬೇಡ: ಸರಾಸರಿ 5 ವ್ಯಾಟ್ ಎಂದು ಹಿಡಿದರೂ ತಿಂಗಳಿಗೆ 3.6 ಯೂನಿಟ್.

ಕ್ಯಾಬಿನೆಟ್ಟಿನ ಬೆನ್ನು ಗೋಡೆಗೆ ತಾಗಬಾರದು. ತೇವ ಹೊರಬೀಳುವುದು ಅಲ್ಲಿಂದಲೇ, ಹಾಗಾಗಿ ನಾಲ್ಕು ಬೆರಳು ಜಾಗ ಬಿಡಿ. ಮರದ ಕಪಾಟಿನೊಳಗೆ ಇಟ್ಟರೆ ಹೊರಹಾಕಿದ ತೇವವನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಮಳೆ ಬಡಿಯುವ ಚಿರೇಕಲ್ಲಿನ ಗೋಡೆ ಬಿಟ್ಟು, ಒಳಗೋಡೆಯ ಪಕ್ಕ ಗಟ್ಟಿ ಸ್ಟೂಲಿನ ಮೇಲೆ ಇಡುವುದು ಒಳ್ಳೆಯದು. ತೇವಾಂಶವನ್ನು ಶೇ. 45ಕ್ಕೆ ಹೊಂದಿಸಿ, 40ರಿಂದ 50ರ ನಡುವೆ ಇದ್ದರೆ ಸಾಕು. 30ಕ್ಕಿಂತ ಕೆಳಗೆ ಇಳಿಸಿದರೆ ಲೆನ್ಸಿನ ಗ್ರೀಸು, ರಬ್ಬರು ಒಣಗುತ್ತವೆ.

ದೀರ್ಘ ಬಳಕೆಯಲ್ಲಿ ಮೊದಲು ಸೋಲುವುದು ಬಾಗಿಲಿನ ರಬ್ಬರು. ಅಂಕಿ 55, 60 ಎಂದು ಏರುತ್ತಿದ್ದರೆ ಯಂತ್ರ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮುಂಚೆ ಒಂದು ಪೇಪರ್ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿ. ನಾಲ್ಕೂ ಬದಿಯಲ್ಲಿ ಬಿಗಿ ಇರಬೇಕು. ಸಡಿಲ ಸಿಗುವುದು ಸಾಮಾನ್ಯವಾಗಿ ಮೂಲೆಯಲ್ಲಿ. ಎಷ್ಟೋ ಸಲ ತಪ್ಪು ರಬ್ಬರಿನದಲ್ಲ, ನೆಲದ್ದು. ನೆಲ ಸಮ ಇಲ್ಲದೆ ಪೆಟ್ಟಿಗೆ ತುಸು ತಿರುಚಿಕೊಂಡರೂ ಬಾಗಿಲು ಒಂದು ಕಡೆ ಎದ್ದು ನಿಲ್ಲುತ್ತದೆ. ಕಾಲಿಗೆ ರಬ್ಬರ್ ತುಂಡು ಕೊಟ್ಟು ಸಮ ಮಾಡಿ. ರಟ್ಟು ಕೊಟ್ಟರೆ ಮಳೆಗಾಲದಲ್ಲಿ ಮೆತ್ತಗಾಗಿ ಕುಸಿಯುತ್ತದೆ.

ಎರಡನೆಯದು ತೇವಾಂಶ ತೋರಿಸುವ ಮೀಟರ್. ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಪ್ರತ್ಯೇಕವಾಗಿ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಕೊಂಡು ಪ್ರತಿ ಮೇ ತಿಂಗಳಲ್ಲಿ ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದವಾಗುವಂತೆ ಕೆಲವು ಹನಿ ನೀರು ಬಿಡಿ. ಉಪ್ಪು ಕರಗಿಹೋಗಬಾರದು. ಮುಚ್ಚಳ ಮತ್ತು ಮೀಟರ್ ಎರಡನ್ನೂ ಜಿಪ್ ಚೀಲದಲ್ಲಿ ಹಾಕಿ 12 ಗಂಟೆ ಬಿಡಿ. ಮೀಟರ್ 75 ತೋರಿಸಬೇಕು. 70 ತೋರಿಸಿದರೆ ಆಮೇಲೆ ಓದುವಾಗ 5 ಕೂಡಿಸಿಕೊಳ್ಳಿ. ಇದಕ್ಕೆ ಪ್ಯಾಕೆಟ್ ಪುಡಿಉಪ್ಪೇ ಸರಿ. ಸಾಣಿಕಟ್ಟಾದ ಕಲ್ಲುಪ್ಪು ಊಟಕ್ಕೆ ಎಷ್ಟೇ ರುಚಿಯಿರಲಿ, ಅದರಲ್ಲಿ ಮೆಗ್ನೀಷಿಯಂ ಲವಣವೂ ಸೇರಿರುವುದರಿಂದ ಅಂಕಿ ಕೆಳಗೆ ಜಾರುತ್ತದೆ. ಸರಿನೋಡಿದ ಮೀಟರನ್ನು ಕೆಳಗಿನ ಖಾನೆಯ ಮುಂಭಾಗದಲ್ಲಿ ಇಡಿ. ಕ್ಯಾಬಿನೆಟ್ಟಿನ ಮೀಟರ್ ಇರುವ ಜಾಗಕ್ಕಿಂತ ಅಲ್ಲಿ ಅಂಕಿ ಬೇರೆ ಬರಬಹುದು.

ಇದೇ 75ಕ್ಕೆ ಕಡಲತೀರದಲ್ಲಿ ಇನ್ನೊಂದು ಅರ್ಥವಿದೆ. ಗಾಳಿಯ ತೇವಾಂಶ ಅದನ್ನು ದಾಟಿದರೆ ಉಪ್ಪು ತಾನೇ ನೀರಾಗುತ್ತದೆ. ಟಾಗೋರ್ ಕಡಲತೀರದಲ್ಲೋ ದೇವಬಾಗದಲ್ಲೋ ಸಂಜೆ ಫೋಟೊ ತೆಗೆದು ಬಂದ ಕ್ಯಾಮೆರಾದ ಮೇಲೆ ಕಾಣದಂತೆ ಕೂತ ಉಪ್ಪು ಹೊರಗಿದ್ದರೆ ಮಳೆಗಾಲವಿಡೀ ಒದ್ದೆಯಾಗಿದ್ದು ಸ್ಕ್ರೂ, ಫ್ಲ್ಯಾಶ್ ಸಿಕ್ಕಿಸುವ ಹಾಟ್‌ಶೂ ಎಲ್ಲ ತಿನ್ನುತ್ತದೆ. ಕ್ಯಾಬಿನೆಟ್ಟಿಗೆ ಹಾಗೇ ಇಟ್ಟರೆ ಅದು ಒಣಗಿ ಹರಳಾಗುತ್ತದೆ, ಮುಂದಿನ ಸಲ ಬಟ್ಟೆಯಲ್ಲಿ ಉಜ್ಜಿದಾಗ ಗಾಜಿನ ಲೇಪಕ್ಕೆ ಗೀರು ಬೀಳಬಹುದು. ಆದ್ದರಿಂದ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬಾಡಿ, ಲೆನ್ಸಿನ ಹೊರಮೈ, ಫಿಲ್ಟರ್ ಒರೆಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಆರಿಸಿ, ಆಮೇಲೆ ಒಳಗಿಡಿ. ಬ್ಯಾಗು, ಪಟ್ಟಿ, ಚರ್ಮದ ಕವರ್ ಒಳಗೆ ಬೇಡವೇ ಬೇಡ. ಬಟ್ಟೆ ತೇವವನ್ನೂ ಬೂಷ್ಟನ್ನೂ ಜೊತೆಗೇ ತರುತ್ತದೆ.

ಹೊಸದಾಗಿ ಕೊಂಡವರು ಮೊದಲು ಇರುವ ಲೆನ್ಸ್‌ಗಳನ್ನು ಪರೀಕ್ಷಿಸಬೇಕು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಅಂದರೆ ಬೂಷ್ಟು. ಕಿಂಡಿಯನ್ನು f/16ರಷ್ಟು ಕಿರಿದು ಮಾಡಿ ಆಕಾಶವನ್ನು ತೆಗೆದಾಗ ಕಾಣುವ ಕಪ್ಪು ಚುಕ್ಕೆ ಸೆನ್ಸರ್ ಧೂಳು. ಫಂಗಸ್ ಸಾಮಾನ್ಯವಾಗಿ ಹಾಗೆ ಚುಕ್ಕೆಯಾಗಿ ಬೀಳುವುದಿಲ್ಲ. ಬದಲಿಗೆ ಬೆಳಕಿಗೆ ಎದುರಾಗಿ ತೆಗೆದ ಚಿತ್ರ ಮಬ್ಬಾಗುತ್ತದೆ. ಆನ್‌ಲೈನ್ ಗ್ಯಾಲರಿಯಲ್ಲಿ ಹಳೆಯ ಸೂರ್ಯಾಸ್ತದ ಪಕ್ಕ ಹೊಸದನ್ನು ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕ್ಯಾಬಿನೆಟ್ ಬೆಳವಣಿಗೆಯನ್ನು ತಡೆಯುತ್ತದೆ ಅಷ್ಟೆ, ಇರುವುದನ್ನು ತೆಗೆಯುವುದಿಲ್ಲ.

ಅಳತೆಯ ವಿಷಯ: 30 ಲೀಟರ್ ಬೇಗ ತುಂಬುತ್ತದೆ. ದಾಂಡೇಲಿಯ ಮಂಗಟ್ಟೆ ಹಕ್ಕಿಗೆಂದು 150–600 ಮಿ.ಮೀ. ಜೂಮ್ ಲೆನ್ಸ್ ಕೊಂಡರೆ ಅದೊಂದೇ ಸುಮಾರು 26 ಸೆಂ.ಮೀ. ಉದ್ದ. ಖಾನೆಯ ಎತ್ತರವನ್ನು ಟೇಪ್ ಹಿಡಿದೇ ನೋಡಿ.

ಒಂದು ಕ್ಯಾಮೆರಾ ಬಾಡಿ, ಅದರ ಜೊತೆಗೇ ಬಂದ ಒಂದು ಕಿಟ್ ಲೆನ್ಸ್ ಮಾತ್ರ ಇದ್ದವರಿಗೆ ಈ ಖರ್ಚು ಬೇಡ. ರಬ್ಬರ್ ಅಂಚಿನ ಗಾಳಿಯಾಡದ 10 ಲೀಟರ್ ಡಬ್ಬಿ, 200 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಹೈಗ್ರೋಮೀಟರ್ ಸಾಕು. ಜೆಲ್ ಹಸಿರಾದಾಗ ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಕಾಯಿಸಿ, ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿ ಆರಿಸಿ ಮತ್ತೆ ಹಾಕಿ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅದನ್ನು ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ.