ಜರ್ನಲಿಸಂ ಸ್ಟೂಡೆಂಟ್ಸ್‌ಗೆ ಸೋಶಿಯಲ್ ಮೀಡಿಯಾ ಕೋರ್ಸ್: ಪರಿಶೀಲನೆ ಭಾಗಕ್ಕೆ ಫುಲ್ ಮಾರ್ಕ್ಸ್, ಬ್ರ್ಯಾಂಡಿಂಗ್ ಭಾಗಕ್ಕೆ ಸೊನ್ನೆ

ಪತ್ರಿಕೋದ್ಯಮ ಓದೋ ಹುಡುಗ್ರಿಗೆ ಸೋಶಿಯಲ್ ಮೀಡಿಯಾ ಹೇಳಿಕೊಡ್ತೀವಿ ಅನ್ನೋ ಆನ್‌ಲೈನ್ ಕೋರ್ಸ್‌ಗಳಿಗೇನೂ ಬರ ಇಲ್ಲ, ಹೆಚ್ಚಿನವು ಫಾಲೋವರ್ಸ್ ಹೆಂಗೆ ಜಾಸ್ತಿ ಮಾಡ್ಕೊಳ್ಳೋದು ಅನ್ನೋದನ್ನೇ ಎಳೆದೂ ಎಳೆದೂ ಹೇಳಿ ಕೊನೆಗೊಂದು ಸರ್ಟಿಫಿಕೇಟ್ ಕೊಟ್ಟು ಕೈ ತೊಳ್ಕೊಳ್ತವೆ. ನಾನು ಮುಗಿಸಿದ ಈ ಕೋರ್ಸ್ ಹಂಗಿಲ್ಲ. ಅಂದ್ರೆ ಪೂರ್ತಿ ಹಂಗಿಲ್ಲ. ನಾನು ಜರ್ನಲಿಸಂ ಪಾಠ ಮಾಡ್ತೀನಿ, ಇಡೀ ಬ್ಯಾಚಿಗೆ ಗ್ರೂಪ್ ಲಾಗಿನ್ ತಗೊಂಡು ಅವರ ಜೊತೆ ನಾನೂ ಕೂತು ಮುಗಿಸಿದೀನಿ, ತಗೊಳ್ಳೋಣ್ವಾ ಬೇಡ್ವಾ ಅಂತ ಯೋಚಿಸ್ತಿರೋ ಮೇಷ್ಟ್ರುಗಳಿಗೂ ಸ್ಟೂಡೆಂಟ್ಸ್‌ಗೂ ಅನುಕೂಲ ಆಗ್ಲಿ ಅಂತ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಈ ಕೋರ್ಸಿನ ಜೀವ ಇರೋದು ಮೂರನೇ ಮಾಡ್ಯೂಲಲ್ಲಿ. ಅಲ್ಲೊಂದು ಬ್ರೇಕಿಂಗ್ ನ್ಯೂಸ್ ಡ್ರಿಲ್ ಇದೆ. ಹೊರಗಿನವರಿಗೆ ಕಾಣದ ಒಂದು ಡಮ್ಮಿ ಫೀಡ್ ತೆರ್ಕೊಳ್ಳುತ್ತೆ, ಸೇತುವೆ ಕುಸಿದಿದೆಯಂತೆ ಅಂತ ಒಂದು ಪೋಸ್ಟ್ ಬೀಳುತ್ತೆ, ಆಮೇಲೆ ಒಂದರ ಹಿಂದೊಂದು ಫೋಟೋಗಳು, ಅಲುಗಾಡೋ ವಿಡಿಯೋ, ನಮ್ಮಣ್ಣ ಅಲ್ಲೇ ಇದಾನೆ ಅನ್ನೋ ಕಮೆಂಟು, ಅಧಿಕಾರಿ ಹೆಸರಲ್ಲೊಂದು ನಕಲಿ ಅಕೌಂಟು, ಸತ್ತವರು ಎಷ್ಟು ಅನ್ನೋದಕ್ಕೆ ಮೂರು ಕಡೆ ಮೂರು ಲೆಕ್ಕ. ಇದರ ಮಧ್ಯೆ ನಿಮ್ಮ ಎದುರಾಳಿ ಚಾನೆಲ್ ಆಗಲೇ ಸುದ್ದಿ ಹಾಕಿಬಿಟ್ಟಿದೆ ಅಂತ ನೋಟಿಫಿಕೇಶನ್ ಬೇರೆ ಬಂದು ಕುಟುಕುತ್ತೆ. ಪೋಸ್ಟ್ ಬಟನ್ ಕಣ್ಣೆದುರೇ ಇದೆ, ಆದ್ರೆ ಮೂರು ಖಾಲಿ ಬಾಕ್ಸ್ ತುಂಬೋವರೆಗೂ ಅದು ಒತ್ತೋಕಾಗಲ್ಲ: ಏನು ಗೊತ್ತಾಗಿದೆ, ಹೆಂಗೆ ಗೊತ್ತಾಯ್ತು, ಇನ್ನೂ ಏನು ಗೊತ್ತಾಗಿಲ್ಲ. ಆ ಮೂರನೇ ಬಾಕ್ಸಲ್ಲಿ ಎಲ್ರೂ ಒದ್ದಾಡ್ತಾರೆ. ಗೊತ್ತಿರೋದನ್ನ ಬರೀ ಅಂದ್ರೆ ಪುಟಗಟ್ಟಲೆ ಬರೆಯೋ ಹುಡುಗ್ರು ಗೊತ್ತಿಲ್ಲದ್ದನ್ನ ಒಂದು ಲೈನಲ್ಲಿ ಬರೀ ಅಂದ್ರೆ ಪೆನ್ ಕಚ್ಕೊಂಡು ಕೂರ್ತಾರೆ.

ನಮ್ಮ ಬ್ಯಾಚಲ್ಲಿ ಮುಕ್ಕಾಲು ಪಾಲು ಆ ವಿಡಿಯೋನ ನಂಬಿಬಿಟ್ಟಿದ್ರು, ಚಿತ್ರ ಕೊಟ್ಟು ಅದು ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕೋ ರಿವರ್ಸ್ ಇಮೇಜ್ ಸರ್ಚ್‌ಗೆ ಹಾಕಿದ್ರೂ ಏನೂ ಸಿಕ್ಕಿರಲಿಲ್ಲ, ಹಳೇದಾಗಿದ್ರೆ ಸಿಗಬೇಕಿತ್ತಲ್ಲ ಸರ್ ಅನ್ನೋದು ಅವರ ವಾದ. ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗಿ, ಅಂಗಡಿ ಬೋರ್ಡಿನ ಅಕ್ಷರಗಳು ಉಲ್ಟಾ ಇದಾವಲ್ಲ ಅಂದ್ಲು. ವಿಡಿಯೋನ ಕನ್ನಡಿಲಿ ನೋಡಿದಂಗೆ ಎಡಬಲ ತಿರುಗಿಸಿ ಹಾಕಿದ್ರು. ಫ್ರೇಮ್‌ಗಳನ್ನ ಮತ್ತೆ ಸರಿಯಾಗಿ ತಿರುಗಿಸಿ ಹುಡುಕಿದ ಮೇಲೆ ಹಳೇ ಮೂಲ ಸಿಕ್ತು. ಇಲ್ಲೇ ಕೋರ್ಸ್ ವಿಡಿಯೋ ಪರಿಶೀಲಿಸೋಕೆ ಬ್ರೌಸರಿಗೆ ಸೇರಿಸ್ಕೊಳ್ಳೋ ಇನ್‌ವಿಡ್ ಪ್ಲಗಿನ್‌ನ ಪರಿಚಯ ಮಾಡಿಸುತ್ತೆ, ವಿಡಿಯೋನ ಕೀಫ್ರೇಮ್‌ಗಳಾಗಿ (ಮುಖ್ಯ ಸ್ಥಿರಚಿತ್ರಗಳಾಗಿ) ಒಡೆದು ಒಂದೊಂದನ್ನೂ ಸರ್ಚ್‌ಗೆ ಹಾಕೋದು, ಚಿತ್ರ ಹುಡುಕೋ ಸೈಟಾದ ಟಿನ್‌ಐನಲ್ಲಿ ಫಲಿತಾಂಶವನ್ನ ಹಳೇದು ಮೊದಲು ಬರೋ ಹಂಗೆ ಜೋಡಿಸಿ ನೋಡೋದು, ನೆರಳು ಬಿದ್ದಿರೋ ದಿಕ್ಕು ಹೇಳಿರೋ ಟೈಮಿಗೆ ಹೊಂದುತ್ತಾ ಅಂತ ಸೂರ್ಯನ ಸ್ಥಾನ ತೋರಿಸೋ ಸನ್‌ಕ್ಯಾಲ್ಕ್‌ನಲ್ಲಿ ತಾಳೆ ನೋಡೋದು. ಟೂಲ್ ಹೇಳಿಕೊಡೋದು ಯಾರಾದ್ರೂ ಮಾಡ್ತಾರೆ. ಸರ್ಚಲ್ಲಿ ಸಿಗಲಿಲ್ಲ ಅನ್ನೋದು ನಿಜ ಅನ್ನೋದಕ್ಕೆ ಸಾಕ್ಷಿ ಅಲ್ಲ ಅಂತ ಹುಡುಗ್ರ ತಲೆಗೆ ಇಳಿಸಿದ್ದು ದೊಡ್ಡದು.

ಉದಾಹರಣೆಗಳನ್ನೂ ಚೆನ್ನಾಗಿ ಆರಿಸಿದಾರೆ. ಪ್ರವಾಹದ ನೀರಲ್ಲಿ ರಸ್ತೆ ಮೇಲೆ ಶಾರ್ಕ್ ಈಜ್ತಿರೋ ಫೋಟೋ ನೀವೂ ನೋಡಿರ್ತೀರ. 2011ರ ಐರೀನ್ ಚಂಡಮಾರುತದಲ್ಲಿ ಓಡಾಡಿದ್ದು 2017ರಲ್ಲಿ ಹಾರ್ವೆ ಬಂದಾಗಲೂ ಬಂತು, ಆ ಶಾರ್ಕ್ ಒಂದು ಕಯಾಕ್‌ನ ಹಿಂದೆ ಈಜ್ತಿದ್ದ ಬೇರೆ ಯಾವುದೋ ಹಳೇ ಫೋಟೋದಿಂದ ಕತ್ತರಿಸಿ ಅಂಟಿಸಿದ್ದು. ಇದು ನಗೋ ವಿಷಯ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಕೇಸ್ ಹಂಗಲ್ಲ, ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯನ್ನ ರೆಡಿಟ್ ಅನ್ನೋ ಚರ್ಚಾ ತಾಣದಲ್ಲಿ ಜನ ಆರೋಪಿ ಅಂತ ಗುರುತಿಸಿಬಿಟ್ರು, ಕೆಲವು ಪತ್ರಕರ್ತರೂ ಅದನ್ನ ಹಂಚಿದ್ರು, ಅವನಿಗೂ ಬಾಂಬಿಗೂ ಸಂಬಂಧಾನೇ ಇರಲಿಲ್ಲ, ಆಮೇಲೆ ಅವನ ಶವ ಸಿಕ್ತು, ರೆಡಿಟ್ ಕ್ಷಮೆ ಕೇಳ್ತು. ಇದನ್ನ ಓದಿದ ಮೇಲೆ ಕ್ಲಾಸಲ್ಲಿ ಯಾರೂ ಜಾಸ್ತಿ ಮಾತಾಡ್ಲಿಲ್ಲ, ಮತ್ತೆ ಡ್ರಿಲ್‌ಗೆ ಹೋದಾಗ ಸಂಶಯಿತನ ಹೆಸರು ಇರೋ ಪೋಸ್ಟನ್ನ ಒಬ್ಬರೂ ರೀಪೋಸ್ಟ್ ಮಾಡ್ಲಿಲ್ಲ.

ನಾಲ್ಕನೇ ಮಾಡ್ಯೂಲ್ ಅನುಮತಿ ಕೇಳೋದರ ಬಗ್ಗೆ, ನನಗೆ ತುಂಬಾ ಹಿಡಿಸಿದ್ದು ಇದೇ. ಅಸೈನ್‌ಮೆಂಟ್ ತುಂಬಾ ಸರಳ: ಘಟನೆ ನಡೆದ ಜಾಗದಿಂದ ಒಬ್ಬರು ವಿಡಿಯೋ ಹಾಕಿದಾರೆ, ಅವರಿಗೆ ಡಿಎಂ (ಖಾಸಗಿ ಮೆಸೇಜ್) ಬರೀರಿ. ನಮ್ಮ ಹುಡುಗ ಒಬ್ಬ ಬರೆದಿದ್ದು ಹಿಂಗಿತ್ತು: ಹಾಯ್, ನಿಮ್ಮ ವಿಡಿಯೋ ನಾವು ಬಳಸ್ಕೋಬಹುದಾ, ಕ್ರೆಡಿಟ್ ಕೊಡ್ತೀವಿ, ಅರ್ಜೆಂಟ್. ಮೆಂಟರ್ ಅದನ್ನ ವಾಪಸ್ ಕಳಿಸಿದ್ರು, ಪಕ್ಕದಲ್ಲಿ ನಾಲ್ಕೇ ಪ್ರಶ್ನೆ. ಆ ಮನುಷ್ಯ ಈಗ ಸೇಫಾಗಿದಾರಾ ಅಂತ ಕೇಳಿದ್ರಾ? ನೀವು ಯಾರು, ಎಲ್ಲಿಂದ ಅಂತ ಹೇಳಿದ್ರಾ? ವಿಡಿಯೋ ಅವರೇ ತೆಗೆದಿದ್ದಾ ಅಂತ ಕೇಳಿದ್ರಾ? ಹೆಸರು ಹಾಕಿದ್ರೆ ಅವರಿಗೆ ತೊಂದರೆ ಆಗಬಹುದಾ ಅಂತ ಯೋಚಿಸಿದ್ರಾ? ಎರಡನೇ ಸಲ ಅವನು ಬರೆದಿದ್ದರಲ್ಲಿ ಅರ್ಜೆಂಟ್ ಅನ್ನೋದು ಹೋಗಿತ್ತು, ಜೊತೆಗೆ ಇನ್ನಷ್ಟು ವಿಡಿಯೋಗೋಸ್ಕರ ದಯವಿಟ್ಟು ಹತ್ತಿರ ಹೋಗಬೇಡಿ ಅಂತ ತಾನಾಗೇ ಒಂದು ಲೈನ್ ಸೇರಿಸಿದ್ದ. ಅದನ್ನ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಕಿದವರು ಬೇರೆ, ತೆಗೆದವರು ಬೇರೆ ಆಗಿರಬಹುದು ಅನ್ನೋದಕ್ಕೆ ಕೋರ್ಸ್ 2010ರ ಹೈಟಿ ಭೂಕಂಪದ ಕೇಸನ್ನ ತಗೊಂಡಿದೆ. ಫೋಟೋಗ್ರಾಫರ್ ಡೇನಿಯಲ್ ಮೊರೆಲ್ ತಾವು ತೆಗೆದ ಫೋಟೋಗಳನ್ನ ಟ್ವಿಟರ್‌ನಲ್ಲಿ ಹಂಚಿದ್ರು, ಇನ್ಯಾರೋ ಅವನ್ನೇ ತನ್ನದು ಅಂತ ಹಾಕ್ಕೊಂಡ, ಎಎಫ್‌ಪಿ ಸುದ್ದಿಸಂಸ್ಥೆ ಆ ಎರಡನೇಯವನ ಹೆಸರಲ್ಲಿ ಫೋಟೋ ಹಂಚಿತು, ಫೋಟೋ ಮಾರೋ ಗೆಟ್ಟಿ ಇಮೇಜಸ್ ಮೂಲಕಾನೂ ಹೋಯ್ತು. ಕೇಸ್ ಕೋರ್ಟಿಗೆ ಹೋಗಿ 2013ರಲ್ಲಿ ಜ್ಯೂರಿ ಮೊರೆಲ್‌ಗೆ ಸುಮಾರು 12 ಲಕ್ಷ ಡಾಲರ್ ಪರಿಹಾರ ಕೊಡಿಸ್ತು. ಪಬ್ಲಿಕ್ ಆಗಿ ಹಾಕಿದ್ದು ಎಲ್ರದ್ದೂ ಅಲ್ವಾ ಅಂತ ಕೇಳೋ ಹುಡುಗ್ರಿಗೆ ಇದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ರ ಇರಲಿಲ್ಲ. ಫೋಟೋ ಕೃಪೆ ಸೋಶಿಯಲ್ ಮೀಡಿಯಾ ಅಂತ ಹಾಕಿ ಪೇಜ್ ಕಳಿಸೋ ಡೆಸ್ಕಿನವರಿಗೂ ಈ ಮಾಡ್ಯೂಲ್ ತೋರಿಸಬೇಕು, ಇರಲಿ ಬಿಡಿ.

ಐದನೇದು ತಪ್ಪು ಹಾಕಿದ ಮೇಲೆ ಏನು ಮಾಡಬೇಕು ಅನ್ನೋದು. ಸುಮ್ನೆ ಡಿಲೀಟ್ ಮಾಡಿ ಏನೂ ಆಗಿಲ್ಲ ಅನ್ನೋ ಹಂಗೆ ಇರೋದನ್ನ ಕೋರ್ಸ್ ಒಪ್ಪಲ್ಲ, ನಾನೂ ಒಪ್ಪಲ್ಲ. ತಪ್ಪಿರೋ ಪೋಸ್ಟಿನ ಕೆಳಗೇ ತಿದ್ದುಪಡಿ ಹಾಕಿ, ಏನು ತಪ್ಪಿತ್ತು ಸರಿ ಏನು ಅಂತ ಒಂದೇ ಉಸಿರಲ್ಲಿ ಹೇಳಿ, ಇನ್ನೂ ಹರಡ್ತಾ ಯಾರಿಗಾದ್ರೂ ತೊಂದರೆ ಆಗೋ ಹಂಗಿದ್ರೆ ಡಿಲೀಟ್ ಮಾಡಿ ಆದ್ರೆ ಡಿಲೀಟ್ ಮಾಡಿದೀವಿ ಅಂತ ಬರೆದು ಮಾಡಿ. ಪ್ರಾಕ್ಟೀಸಿಗೆ ಕೊಟ್ಟಿರೋ ಕಡತದಲ್ಲಿ ಒಂದು ತಪ್ಪು ಪೋಸ್ಟ್ ಸಾವಿರಾರು ಜನರಿಗೆ ತಲುಪಿದೆ, ತಿದ್ದುಪಡಿ ನೋಡಿದವರು ಬೆರಳೆಣಿಕೆ, ಈಗೇನ್ಮಾಡ್ತೀರಿ ಅಂತ ಕೇಳ್ತಾರೆ. ತಪ್ಪು ಸುದ್ದಿನ ರೀಪೋಸ್ಟ್ ಮಾಡಿದವರಿಗೆ ಒಬ್ಬೊಬ್ಬರಿಗೂ ರಿಪ್ಲೈ ಮಾಡಿ ತಿಳಿಸೋದು ಅಂತ ಒಂದು ಗುಂಪು, ಸ್ಕ್ರೀನ್‌ಶಾಟ್ ಮೇಲೆ ದೊಡ್ಡದಾಗಿ ತಪ್ಪು ಅಂತ ಬರೆದು ಹಾಕೋದು ಅಂತ ಇನ್ನೊಂದು ಗುಂಪು, ಜಗಳ ಕ್ಲಾಸ್ ಮುಗಿದ ಮೇಲೂ ನಡೀತಿತ್ತು. ಮಾದರಿ ಉತ್ತರ ಅಂತ ಕೋರ್ಸ್ ಏನೂ ಕೊಡಲ್ಲ, ಅದು ಕೆಲವರಿಗೆ ಕಿರಿಕಿರಿ ಆಯ್ತು, ನನಗೆ ಸರಿ ಅನ್ನಿಸ್ತು.

ಇಲ್ಲಿಗೆ ಹೊಗಳಿಕೆ ಸಾಕು.

ಮೊದಲನೇ ಮಾಡ್ಯೂಲ್ ಓಬೀರಾಯನ ಕಾಲದ್ದು. ಅಕೌಂಟ್ ಅಸಲಿನಾ ನಕಲಿನಾ ನೋಡೋಕೆ ಬ್ಲೂ ಟಿಕ್ ಇದೆಯಾ ನೋಡಿ ಅಂತ ವಿಡಿಯೋದಲ್ಲಿ ಹೇಳ್ತಾರೆ. ಟ್ವಿಟರ್‌ನಲ್ಲಿ ದುಡ್ಡು ಕೊಟ್ರೆ ಟಿಕ್ ಅಂತ ಶುರುವಾಗಿದ್ದು 2022ರ ನವೆಂಬರಲ್ಲಿ, ಹಳೇ ಪರಿಶೀಲಿತ ಟಿಕ್‌ಗಳನ್ನ 2023ರ ಏಪ್ರಿಲಲ್ಲಿ ತೆಗೆದ್ರು, ಅದೇ ಜುಲೈಲಿ ಹೆಸರೇ ಎಕ್ಸ್ ಆಯ್ತು. ಈಗ ಬ್ಲೂ ಟಿಕ್ ನೋಡಿ ನಂಬಿ ಅನ್ನೋದು ತಪ್ಪು ಪಾಠ, ಬೇರೆ ಮಾತಿಲ್ಲ. ಒಂದೇ ಸ್ಕ್ರೀನಲ್ಲಿ ಹಲವು ಫೀಡ್ ನೋಡೋ ಟ್ವೀಟ್‌ಡೆಕ್‌ನಲ್ಲಿ ಕಾಲಂ ಮಾಡ್ಕೊಳ್ಳಿ ಅಂತಾರೆ, ಅದು ಎಕ್ಸ್ ಪ್ರೋ ಆಗಿ ದುಡ್ಡು ಕೊಡೋರಿಗೆ ಮಾತ್ರ ಆಗಿದೆ. ಕ್ರೌಡ್‌ಟ್ಯಾಂಗಲ್ ಬಳಸಿ ಫೇಸ್‌ಬುಕ್ಕಲ್ಲಿ ಏನು ಹರಡ್ತಿದೆ ನೋಡಿ ಅಂತ ಒಂದು ಇಡೀ ಪಾಠ ಇದೆ, ಅದನ್ನ ಮೆಟಾ 2024ರ ಆಗಸ್ಟಲ್ಲೇ ಮುಚ್ಚಿದೆ. ಸ್ಟೂಡೆಂಟ್ಸ್ ಲಿಂಕ್ ಒತ್ತಿ ಒತ್ತಿ ಸಾಕಾಗಿ ನನ್ನ ಮುಖ ನೋಡ್ತಾರೆ. ಸಪೋರ್ಟ್‌ಗೆ ಬರೆದ್ರೆ, ಅಪ್‌ಡೇಟ್ ಬರುತ್ತೆ, ನಿಮ್ಮ ಸಲಹೆಗೆ ಧನ್ಯವಾದ ಅನ್ನೋ ಉತ್ತರ ಬಂತು, ಅಪ್‌ಡೇಟ್ ಮಾತ್ರ ಬರಲಿಲ್ಲ. ಎಐ ಚಿತ್ರ, ಎಐ ದನಿ ಬಗ್ಗೆ ಇರೋದು ಒಂದೇ ಸ್ಲೈಡು, ಬೆರಳು ಎಣಿಸಿ ನೋಡಿ ಅಂತ. ಈಗಿನ ಚಿತ್ರಗಳಲ್ಲಿ ಬೆರಳು ಐದೇ ಇರ್ತವೆ ಸ್ವಾಮಿ.

ಎರಡನೇ ಮಾಡ್ಯೂಲ್ ಹೆಸರು ಪರ್ಸನಲ್ ಬ್ರ್ಯಾಂಡ್. ಬಯೋದಲ್ಲಿ ಏನು ಬರೀಬೇಕು, ಪ್ರೊಫೈಲ್ ಫೋಟೋದಲ್ಲಿ ಎಷ್ಟು ನಗಬೇಕು, ದಿನಕ್ಕೆ ಎಷ್ಟು ಪೋಸ್ಟ್ ಹಾಕಿದ್ರೆ ರೀಚ್ ಬರುತ್ತೆ. ಇನ್ನೂ ಒಂದು ವರದಿ ನೆಟ್ಟಗೆ ಬರೆಯದ ಹುಡುಗ್ರಿಗೆ ನೀನೊಂದು ಬ್ರ್ಯಾಂಡ್ ಅಂತ ಹೇಳೋದು ಈಜು ಬಾರದವನಿಗೆ ಪದಕ ಪಾಲಿಶ್ ಮಾಡೋದು ಕಲಿಸಿದಂಗೆ. ಇದೇ ಜಾಗದಲ್ಲಿ ಕೇಳಿಸ್ಕೊಳ್ಳೋದನ್ನ ಹೇಳಿಕೊಡಬಹುದಿತ್ತು. ಒಂದು ಬೀಟ್ (ತನಗೆ ವಹಿಸಿದ ವಿಷಯ) ಹಿಡಿದ ರಿಪೋರ್ಟರ್ ಆ ವಿಷಯದ ಜನ ಮಾತಾಡ್ಕೊಳ್ಳೋ ಗ್ರೂಪ್‌ಗಳು ಎಲ್ಲಿದಾವೆ ಅಂತ ಹುಡುಕಿ, ಲಿಸ್ಟ್ ಮಾಡ್ಕೊಂಡು, ಏನೂ ಪೋಸ್ಟ್ ಮಾಡದೆ ತಿಂಗಳುಗಟ್ಟಲೆ ಓದಿದ್ರೆ ಸಿಗೋ ಸ್ಟೋರಿಗಳು ಎಷ್ಟು! ಮುಚ್ಚಿದ ಗ್ರೂಪಿಗೆ ಸೇರೋವಾಗ ಪತ್ರಕರ್ತ ಅಂತ ಹೇಳಬೇಕಾ, ಅಲ್ಲಿನ ಮಾತನ್ನ ಹೊರಗೆ ತರಬಹುದಾ, ಇದೆಲ್ಲ ದಿನಾ ಎದುರಾಗೋ ಪ್ರಶ್ನೆ, ಒಂದಕ್ಕೂ ಈ ಮಾಡ್ಯೂಲಲ್ಲಿ ಜಾಗ ಇಲ್ಲ.

ಹಳೇ ಪೋಸ್ಟ್‌ಗಳ ಬಗ್ಗೆ ಇರೋ ಸಲಹೆಯೂ ಅಷ್ಟೇ ಮೇಲ್ಮೇಲಿಂದು, ಕೆಲಸಕ್ಕೆ ಅಪ್ಲೈ ಮಾಡೋಕೆ ಮುಂಚೆ ಎಲ್ಲಾ ಅಳಿಸಿಬಿಡಿ ಅಂತ. ಸ್ಕ್ರೀನ್‌ಶಾಟ್ ತೆಗೆದವರ ಫೋನಿಂದ ಅಳಿಸ್ತಾರಾ? ಎಪಿ ಸುದ್ದಿಸಂಸ್ಥೆ 2021ರ ಮೇನಲ್ಲಿ ಹೊಸದಾಗಿ ಸೇರಿದ್ದ ವರದಿಗಾರ್ತಿಯೊಬ್ಬರನ್ನ ಕೆಲವೇ ವಾರಕ್ಕೆ ಕೆಲಸದಿಂದ ತೆಗೀತು. ಅವರ ಕಾಲೇಜು ದಿನಗಳ ಚಟುವಟಿಕೆ, ಪೋಸ್ಟ್‌ಗಳ ಮೇಲೆ ಆನ್‌ಲೈನಲ್ಲಿ ಗಲಾಟೆ ಎದ್ದಿತ್ತು, ಆದ್ರೆ ಸಂಸ್ಥೆ ಕೊಟ್ಟ ಕಾರಣ ಕೆಲಸಕ್ಕೆ ಸೇರಿದ ಮೇಲೆ ಸೋಶಿಯಲ್ ಮೀಡಿಯಾ ನಿಯಮ ಮುರಿದ್ರು ಅನ್ನೋದು. ನೂರಕ್ಕೂ ಹೆಚ್ಚು ಸಹೋದ್ಯೋಗಿಗಳು ಬಹಿರಂಗ ಪತ್ರ ಬರೆದು ಅದನ್ನ ಪ್ರಶ್ನಿಸಿದ್ರು. ನ್ಯೂಯಾರ್ಕ್ ಟೈಮ್ಸ್ 2017ರಲ್ಲಿ ತನ್ನವರಿಗೆ ಮಾಡಿದ ನಿಯಮದಲ್ಲಿ ಲೈಕ್ ಒತ್ತೋದೂ ಒಂದು ಮಟ್ಟಿಗೆ ಸಾರ್ವಜನಿಕಾನೇ ಅಂತ ಇದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು, ಪತ್ರಕರ್ತರಿಗೆ ಸ್ವಂತ ಅಭಿಪ್ರಾಯ ಹೇಳೋ ಹಕ್ಕು ಎಲ್ಲಿವರೆಗೆ, ಸಂಸ್ಥೆ ಎಲ್ಲಿವರೆಗೆ ಕೇಳಬಹುದು ಅಂತ ಚರ್ಚೆ ಮಾಡಿಸೋಕೆ ಎಂಥಾ ಅವಕಾಶ ಇತ್ತು. ನಾನು ಕೋರ್ಸ್ ಬದಿಗಿಟ್ಟು ಒಂದು ಪೀರಿಯಡ್ ಅದನ್ನೇ ಮಾಡಿಸಿದೆ, ರೀಪೋಸ್ಟ್ ಅಂದ್ರೆ ಒಪ್ಪಿಗೆ ಅಲ್ಲ ಅಂತ ಬಯೋದಲ್ಲಿ ಹಾಕ್ಕೊಂಡಿದ್ದ ಇಬ್ರು ಅವತ್ತೇ ತೆಗೆದು ಹಾಕಿದ್ರು, ಇನ್ನೊಬ್ಬಳು ಬೇಕಂತಲೇ ಉಳಿಸ್ಕೊಂಡ್ಲು, ಅವಳ ಕಾರಣಾನೂ ಗಟ್ಟಿಯಾಗೇ ಇತ್ತು.

ಆರನೇ ಮಾಡ್ಯೂಲ್ ಸೆಕ್ಯುರಿಟಿ, ಚಿಕ್ಕದು, ಚೊಕ್ಕದು. 2013ರ ಏಪ್ರಿಲಲ್ಲಿ ಎಪಿಯ ಟ್ವಿಟರ್ ಅಕೌಂಟ್ ಹ್ಯಾಕ್ ಆಗಿ ಶ್ವೇತಭವನದಲ್ಲಿ ಸ್ಫೋಟ ಅಂತ ಒಂದು ಸುಳ್ಳು ಟ್ವೀಟ್ ಹೋಗಿ, ಅಮೆರಿಕದ ಷೇರು ಸೂಚ್ಯಂಕ ಡೌ ಜೋನ್ಸ್ ಕೆಲವೇ ನಿಮಿಷದಲ್ಲಿ 140ಕ್ಕೂ ಹೆಚ್ಚು ಅಂಕ ಬಿದ್ದು ಮತ್ತೆ ಎದ್ದ ಕಥೆಯಿಂದ ಶುರು ಮಾಡ್ತಾರೆ. ಅದರ ಹಿಂದೆ ಇದ್ದಿದ್ದು ಸಿಬ್ಬಂದಿಗೆ ಬಂದ ಪಾಸ್‌ವರ್ಡ್ ಕದಿಯೋ ಮೋಸದ ಫಿಶಿಂಗ್ ಮೇಲ್ ಅಂತ ಗೊತ್ತಾದಾಗ, ಕ್ಯಾಂಪಸ್ ಪತ್ರಿಕೆಯ ಇನ್‌ಸ್ಟಾ ಪಾಸ್‌ವರ್ಡನ್ನ ವಾಟ್ಸಾಪ್ ಗ್ರೂಪಲ್ಲಿ ಪಿನ್ ಮಾಡಿಟ್ಟಿದ್ದ ನಮ್ಮ ಮಹಾನುಭಾವರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಟೂ ಸ್ಟೆಪ್ ವೆರಿಫಿಕೇಶನ್ ಹಾಕೋದನ್ನ ಸ್ಕ್ರೀನ್ ಮೇಲೆ ತೋರಿಸ್ತಾರೆ, ಎಸ್ಸೆಮ್ಮೆಸ್‌ಗಿಂತ ಲಾಗಿನ್ ಕೋಡ್ ತೋರಿಸೋ ಆಥೆಂಟಿಕೇಟರ್ ಆಪ್ ಯಾಕೆ ಮೇಲು ಅಂತಾನೂ ಹೇಳ್ತಾರೆ. ಟ್ರೋಲ್ ಕಾಟ, ಬೆದರಿಕೆ ಬಂದ್ರೆ ಮೊದಲು ಸ್ಕ್ರೀನ್‌ಶಾಟ್ ಆಮೇಲೆ ಬ್ಲಾಕ್, ಎಡಿಟರಿಗೆ ತಿಳಿಸದೆ ಒಬ್ಬರೇ ನುಂಗ್ಕೋಬೇಡಿ ಅನ್ನೋದು ಇದೆ. ರಕ್ತಸಿಕ್ತ ವಿಡಿಯೋಗಳನ್ನ ಪರಿಶೀಲನೆಗೆ ಅಂತ ಮತ್ತೆ ಮತ್ತೆ ನೋಡೋರ ಮನಸ್ಸಿನ ಬಗ್ಗೆ ಎರಡೇ ಮಾತು, ಸೌಂಡ್ ಆಫ್ ಮಾಡಿ ನೋಡಿ, ಸ್ಕ್ರೀನ್ ಸಣ್ಣದು ಮಾಡ್ಕೊಳ್ಳಿ ಅಂತ. ಇನ್ನೂ ಬೇಕಿತ್ತು.

ಯಾರು ತಗೋಬೇಕು ಅಂದ್ರೆ, ಮೇಷ್ಟ್ರು ಇರೋ ಬ್ಯಾಚು ಕಣ್ಮುಚ್ಚಿ ತಗೋಬಹುದು, ಮೊದಲೆರಡು ಮಾಡ್ಯೂಲ್ ಬಿಟ್ಟು ನೇರ ಮೂರಕ್ಕೆ ಹೋಗಿ. ಒಬ್ಬೊಬ್ಬರೇ ಮಾಡೋರಿಗೆ ಅರ್ಧ ರುಚಿ ಸಿಗಲ್ಲ, ಯಾಕಂದ್ರೆ ಡ್ರಿಲ್‌ನ ಮಜಾ ಪಕ್ಕದವನು ಯಾಕೆ ಪೋಸ್ಟ್ ಮಾಡ್ದ ಅಂತ ಜಗಳ ಆಡೋದರಲ್ಲೇ ಇದೆ, ಮೆಂಟರ್ ಉತ್ತರಾನೂ ಒಂಟಿ ಲಾಗಿನ್‌ನವರಿಗೆ ನಿಧಾನಕ್ಕೆ ಬರುತ್ತೆ ಅಂತ ಕೇಳಿದೀನಿ. ಮೊಬೈಲಲ್ಲಿ ಮಾಡ್ತೀನಿ ಅನ್ನೋರು ಬೇಡ, ಇನ್‌ವಿಡ್ ಪಾಠಕ್ಕೆ ಕಂಪ್ಯೂಟರ್ ಬ್ರೌಸರೇ ಬೇಕು, ಡಮ್ಮಿ ಫೀಡ್ ಕೂಡ ಫೋನಲ್ಲಿ ಅರ್ಧಕ್ಕೆ ನಿಲ್ಲುತ್ತೆ. ಇನ್ನೊಂದು, ಡ್ರಿಲ್‌ಗೆ ಎರಡನೇ ಸನ್ನಿವೇಶ ಒಂದಿದೆ, ಚುನಾವಣಾ ಫಲಿತಾಂಶದ ದಿನದ್ದು, ಸೇತುವೆದಕ್ಕಿಂತ ಚೆನ್ನಾಗಿದೆ, ಆದ್ರೆ ಮೆನುವಿನಲ್ಲಿ ಕಾಣಲ್ಲ. ಗ್ರೂಪ್ ಲಾಗಿನ್ ತಗೊಂಡ ಕೂಡ್ಲೇ ಅದನ್ನ ಅನ್‌ಲಾಕ್ ಮಾಡಿಕೊಡಿ ಅಂತ ಸಪೋರ್ಟ್‌ಗೆ ಬರೀರಿ, ಈ ವಿಷಯಕ್ಕೆ ಮಾತ್ರ ಅವರು ಬೇಗ ಮಾಡಿಕೊಡ್ತಾರೆ.